ಹುಳು ಹಣ್ಣಾದ ದಿನ

ಶಿವರಾತ್ರಿ ಕಳೆದದ್ದೇ ಬಿಸಿಲು ಒಂದೇ ಸಮನೆ ಏರಿತು. ಯುಗಾದಿ ಇನ್ನೂ ದೂರವಿದ್ದರೂ ದಿಬ್ಬೂರಹಳ್ಳಿ ಕಡೆಯ ತೋಟಗಳಲ್ಲಿ ಹಿಪ್ಪುನೇರಳೆ ಸೊಪ್ಪು ಹೊತ್ತೇರುವ ಮೊದಲೇ ಸೊರಗಿ ನಿಲ್ಲುತ್ತಿತ್ತು. ಆ ಸೆಕೆಗೆ ಮೋಹನ್‌ಬಾಬುವಿನ ಮನೆಯ ರೇಷ್ಮೆಹುಳು ಅಂದಾಜಿಗಿಂತ ಒಂದು ದಿನ ಮೊದಲೇ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು.

ಬೆಳಿಗ್ಗೆ ಸೊಪ್ಪಿನ ಹೊರೆ ಇಳಿಸಿ ಹುಳುಮನೆಯ ಬಾಗಿಲು ತೆಗೆದ ರೂಪ ಹೊಸ್ತಿಲಲ್ಲೇ ನಿಂತಳು. ಹಿಂದಿನ ದಿನ ಹಾಕಿದ ಸೊಪ್ಪು ಅರ್ಧ ಹಾಗೇ ಉಳಿದಿತ್ತು. ಹುಳುಗಳು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಗಾಳಿಯಲ್ಲಿ ಏನನ್ನೋ ತಡಕುತ್ತಿದ್ದವು. ಕೆಲವು ಸ್ಟ್ಯಾಂಡಿನ ಅಂಚಿಗೆ ಬಂದು ಅತ್ತ ಇತ್ತ ಓಡಾಡುತ್ತಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಕತ್ತಿನ ಹತ್ತಿರ ಮೈ ಜೇನಿನ ಬಣ್ಣಕ್ಕೆ ತಿರುಗಿತ್ತು.

"ಅತ್ತೇ, ಹಣ್ಣಾಗ್ಬಿಟ್ಟವೆ," ಎಂದಳು.

ಅಂಗಳ ಗುಡಿಸುತ್ತಿದ್ದ ಚಿಕ್ಕವೆಂಕಟಮ್ಮ ಪೊರಕೆ ಅಲ್ಲೇ ಬಿಟ್ಟು ಬಂದಳು. "ನಿನ್ನೆ ಸಂಜೇನೇ ಅಂದ್ಕೊಂಡೆ ನಾನು, ತಿನ್ನೋದು ಕಮ್ಮಿ ಮಾಡವೆ ಅಂತ. ಮಗೂನ ನೋಡಕ್ಕೆ ಬರೋ ಆ ಮೇಡಂಗೆ ಫೋನ್ ಮಾಡಿ ಇವತ್ತು ಬೇಡ ಅಂದ್ಬಿಡು."

"ಇವತ್ತು ಬಿಟ್ರೆ ಅವರು ಮತ್ತೆ ಯಾವಾಗ ಬರ್ತಾರೋ. ಗೌರಿಬಿದನೂರಲ್ಲೂ ಅವರೇ, ಚಿಂತಾಮಣೀಲೂ ಅವರೇ."

"ಹುಳ ಕಾಯ್ತವಾ?"

ಹಣ್ಣಾದ ಹುಳು ಕಾಯುವುದಿಲ್ಲ ಎಂಬುದು ರೂಪಳಿಗೂ ಗೊತ್ತು. ಒಂದೊಂದಾಗಿ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಸುರುಳಿಗಳ ನಡುವೆ ಬಿಡದಿದ್ದರೆ, ಕಡ್ಡಿಕಸದ ಮೇಲೆಯೇ ನೂಲು ಸುತ್ತಿಕೊಂಡು ಗೂಡನ್ನು ಕೆಡಿಸುತ್ತವೆ. ಒಂದು ತಿಂಗಳ ದುಡಿಮೆ ಒಂದು ದಿನದಲ್ಲಿ ಹೋಗುತ್ತದೆ. ಗಂಡ ಮೋಹನ್‌ಬಾಬುವನ್ನು ಪಕ್ಕದ ಬೀದಿಯ ಪವಿತ್ರಳ ಮನೆಗೆ ಓಡಿಸಿದಳು.

ಪವಿತ್ರ ಸೆರಗು ಸಿಕ್ಕಿಸಿಕೊಂಡೇ ಬಂದಳು. ಅವಳ ಮನೆಯಲ್ಲೂ ಹುಳು ಇದ್ದವು, ಕೊನೆಯ ಸಲ ಪೊರೆ ಬಿಡುವ ನಾಲ್ಕನೇ ಜ್ವರದಿಂದ ಈಗಷ್ಟೇ ಎದ್ದಿದ್ದವು, ಹಣ್ಣಾಗಲು ಇನ್ನೂ ವಾರವಿತ್ತು. ಈ ಎರಡು ಮನೆಗಳ ನಡುವೆ ಹಣ್ಣು ಹುಳು ಆಯುವ ದಿನಕ್ಕೆ ಕೂಲಿಯ ಮಾತಿಲ್ಲ. ಇವತ್ತು ಅವಳು ಇಲ್ಲಿಗೆ ಮುಯ್ಯಾಳಾಗಿ ಬಂದರೆ, ಅವಳ ಹುಳು ಹಣ್ಣಾದ ದಿನ ರೂಪ ಅಲ್ಲಿಗೆ ಹೋಗಿ ಆ ಮುಯ್ಯಿ ತೀರಿಸಬೇಕು. ಬದಲಿಗೆ ದುಡ್ಡು ಕೊಡುತ್ತೇನೆ ಎನ್ನುವುದು ಬೈದದ್ದಕ್ಕಿಂತ ಕಡೆ.

ರೂಪಳ ಕೈ ಹುಳು ಆಯುತ್ತಿದ್ದರೂ ಕಣ್ಣು ರಸ್ತೆಯ ಮೇಲಿತ್ತು. ಮಗಳು ಸೌಜನ್ಯ ಜಗುಲಿಯ ಮೇಲೆ ಕಾಲಾಡಿಸುತ್ತ ಕೂತಿದ್ದಳು. ತಿಂಗಳು ತುಂಬದೆ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿಬಂದ ಮಗು. ಜೀವ ಉಳಿಯಿತು, ಕಣ್ಣು ಬರಲಿಲ್ಲ. ಈಗ ಹತ್ತು ವರ್ಷ. ಊರಿನ ಶಾಲೆಯಲ್ಲಿ ಕೇಳಿಸಿಕೊಂಡೇ ನಾಲ್ಕನೇ ತರಗತಿಗೆ ಬಂದಿದ್ದಳು. ಚಿಕ್ಕಬಳ್ಳಾಪುರದ ಒಂದು ಶಾಲೆಯಲ್ಲಿ ಎಲ್ಲ ಮಕ್ಕಳ ಜೊತೆಯಲ್ಲೇ ಕೂರಿಸಿ ಬ್ರೈಲ್ ಕಲಿಸುವ ಟೀಚರ್ ಇದ್ದರು. ಜೂನ್‌ಗೆ ಅಲ್ಲಿ ಸೇರಿಸಬೇಕೆಂಬುದು ರೂಪಳ ಒಂದೇ ಆಸೆ. ಆ ಶಾಲೆಯವರು ಕೇಳಿದ್ದು ಒಂದೇ ಮಾತು: ಮಗು ತನ್ನ ಕೆಲಸ ತಾನು ನಿಭಾಯಿಸುತ್ತದೆಯೇ, ಇಂಥ ಮಕ್ಕಳನ್ನು ಪರೀಕ್ಷಿಸುವ ತನುಜ ಮೇಡಂ ನೋಡಿ ಹೇಳಲಿ.

ತನುಜ ಹೋದ ತಿಂಗಳು ಶಿಡ್ಲಘಟ್ಟದಲ್ಲಿ ಒಮ್ಮೆ ನೋಡಿಯಾಗಿತ್ತು. ಮೊದಲು ಮೇಜು ಬಡಿಯುವ ಆಟ. ತಾನು ಒಂದು ಸಲ ಬಡಿದರೆ ಸೌಜನ್ಯ ಎರಡು ಸಲ ಬಡಿಯಬೇಕು, ತಾನು ಎರಡು ಸಲ ಬಡಿದರೆ ಅವಳು ಕೈ ಎತ್ತಬಾರದು. ಹುಡುಗಿ ಒಮ್ಮೆಯೂ ತಪ್ಪಲಿಲ್ಲ. ಹೇಳಿದ ಅಂಕಿಗಳನ್ನು ಹಿಂದಿನಿಂದ ಹೇಳಿದಳು. ಆಮೇಲೆ ತನುಜ ಅಗಲವಾದ ತಟ್ಟೆಯೊಂದಕ್ಕೆ ಕಾಗದ ಹಾಸಿ, ಮರದ ಗುಂಡು, ಚೌಕ, ನುಣುಪಾದದ್ದು, ಒರಟು ಬಟ್ಟೆ ಸುತ್ತಿದ್ದು ಎಲ್ಲ ಬೆರೆಸಿ ಮುಂದಿಟ್ಟು, ಒಂದೇ ತರದವನ್ನು ಒಂದು ಕಡೆ ಸೇರಿಸು ಎಂದಳು. ಸೌಜನ್ಯ ತಟ್ಟೆಯ ಅಂಚು ಮುಟ್ಟಿದಳು, ಕಾಗದ ಮುಟ್ಟಿದಳು. ಥಟ್ಟನೆ ಕೈ ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಎಷ್ಟು ಹೇಳಿದರೂ "ಹೂಂ" ಎನ್ನುತ್ತಿದ್ದಳೇ ಹೊರತು ಕೈ ಮುಂದೆ ಬರಲಿಲ್ಲ.

"ತಾನಾಗಿ ಶುರು ಮಾಡ್ತಿಲ್ಲ," ಎಂದಿದ್ದಳು ತನುಜ ಕೊನೆಗೆ. "ಇದನ್ನೇ ಬರೆದ್ರೆ ಆ ಶಾಲೆಯವರು ಬೇಡ ಅಂತಾರೆ. ಆದ್ರೆ ಬಡಿಯೋ ಆಟದಲ್ಲಿ ಅಷ್ಟು ಚೆನ್ನಾಗಿ ತಡ್ಕೊಂಡ ಮಗು ಇಲ್ಲಿ ಯಾಕೆ ಕೂತ್ಬಿಡ್ತು ಅಂತ ನಂಗೂ ಗೊತ್ತಾಗ್ತಿಲ್ಲ. ಬರೆಯೋ ಮೊದಲು ಒಂದ್ಸಲ ಮನೇಲಿ ನೋಡ್ತೀನಿ."

ಆ ಒಂದ್ಸಲ ಇವತ್ತು.

ತನುಜಳ ಸ್ಕೂಟರ್ ಬಂದಾಗ ಅಂಗಳವೆಲ್ಲ ಚಂದ್ರಿಕೆ. ನಗರಗೆರೆಯ ಹೆಣ್ಣುಮಗಳಾದ ಅವಳಿಗೆ ಹುಳು ಸಾಕುವ ಮನೆ ಕಂಡು ಗೊತ್ತಿತ್ತು, ಸಾಕಿ ಗೊತ್ತಿರಲಿಲ್ಲ. ಹೆಲ್ಮೆಟ್ ತೆಗೆದು ನಿಂತು ನೋಡಿ, "ಇವತ್ತೇ ಆಗ್ಬೇಕಿತ್ತಾ ಇದು," ಎಂದಳು.

"ಹುಳಕ್ಕೆ ನಿಮ್ಮ ಅಪಾಯಿಂಟ್‌ಮೆಂಟ್ ಗೊತ್ತಿಲ್ಲ ಮೇಡಂ," ಎಂದ ಮೋಹನ್‌ಬಾಬು ಖಾಲಿ ಚಂದ್ರಿಕೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ. "ಹೋದ್ಸಲ ಏನೋ ಹೆಸರು ಹೇಳಿದ್ರಲ್ಲ ಈ ಪರೀಕ್ಷೆಗೆ. ಎಕ್ಸಿಕ್ಯೂಟಿವ್ ಅಂತ. ಅದು ಇಂಜಿನಿಯರ್‌ಗಳಿಗೆ ಅಲ್ವಾ?"

"ಎಕ್ಸಿಕ್ಯೂಟಿವ್ ಫಂಕ್ಷನ್. ಹೆಸರಷ್ಟೇ ದೊಡ್ಡದು. ತಲೇಲಿ ಒಬ್ಬ ಮೇಸ್ತ್ರಿ ಇರ್ತಾನೆ ಅಂದ್ಕೊಳ್ಳಿ. ಈಗ ಶುರು ಮಾಡು, ಇಲ್ಲಿ ನಿಲ್ಲು, ಇದನ್ನ ಮರೀಬೇಡ, ಈ ದಾರಿ ಕಟ್ಟಾಯ್ತು ಇನ್ನೊಂದು ಹಿಡಿ ಅಂತ ಹೇಳೋನು. ಅವನು ಕೆಲಸ ಮಾಡ್ತಿದಾನಾ ಅಂತ ನೋಡೋದು. ಕಣ್ಣಿರೋ ಮಕ್ಕಳಿಗಾದ್ರೆ ಚಿತ್ರ ಕೊಟ್ಟು ನೋಡ್ತಾರೆ. ಇವಳಿಗೆ ಕೈಯಿಂದ, ಕಿವಿಯಿಂದ ನೋಡ್ಬೇಕು."

"ನಮ್ಮನೇಲಿ ಮೇಸ್ತ್ರಿ ತಲೇಲಿಲ್ಲ, ಎದುರಿಗೇ ಅವಳೆ," ಎಂದು ಅವನು ಹೆಂಡತಿಯ ಕಡೆ ಗದ್ದ ತೋರಿಸಿ ಹೋದ.

ರೂಪ ಒಂದು ಕಡೆ ಕೂರಲಾರದೆ ಹುಳುಮನೆಗೂ ಜಗುಲಿಗೂ ಎಡತಾಕುತ್ತಿದ್ದಳು. ಅಲ್ಲಿ ಕೂತರೆ ಮೇಡಂ ಏನು ಕೇಳಿದರೋ ಎನಿಸುತ್ತಿತ್ತು, ಇಲ್ಲಿಗೆ ಬಂದರೆ ಹುಳು ಕಡ್ಡಿಗೆ ಸುತ್ತಿಕೊಂಡವೇನೋ ಎನಿಸುತ್ತಿತ್ತು. ಮಾತಿನ ನಡುವೆ ತನುಜ, "ಅಜ್ಜಿನ ಕರ್ಕೊಂಡು ಬಾ, ಅವರ ಹತ್ರಾನೂ ಮಾತಾಡ್ಬೇಕು," ಎಂದು ಸೌಜನ್ಯಳನ್ನು ಕಳಿಸಿ, ತಾನೂ ಸದ್ದಿಲ್ಲದೆ ಹಿಂದೆ ನಡೆದಳು.

ಹುಡುಗಿ ಎಡಗೈಯ ಹಿಂಬದಿಯನ್ನು ಗೋಡೆಗೆ ಸವರುತ್ತ ಅಂಗಳದ ಇನ್ನೊಂದು ಬದಿಗೆ ಹೋದಳು. ಹುಳುಮನೆಯ ಹೊಸ್ತಿಲ ಹತ್ತಿರ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅಜ್ಜೀ."

"ಬಂದ್ಯಾ ತಲ್ಲಿ, ಬಾ ನಮ್ಮಮ್ಮ. ಕೈ ತೊಳ್ಕೋ."

ಬಾಗಿಲ ಪಕ್ಕದ ಬೇಸಿನ್ನಿನ ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ, ಒಳಗೆ ಎರಡು ಹೆಜ್ಜೆ ಇಟ್ಟು ಮತ್ತೆ ನಿಂತಳು. ಎದುರಿಗೇ ಕಾಗದ ಹಾಸಿದ ತಟ್ಟೆ. ಚಿಕ್ಕವೆಂಕಟಮ್ಮ ಕೈ ಹಿಡಿದು ತಟ್ಟೆಯ ಮೇಲಿಟ್ಟು "ಹೂಂ, ಮುಟ್ಟು" ಎಂದ ಮೇಲೆಯೇ ಅವಳ ಬೆರಳು ಬಿಚ್ಚಿಕೊಂಡದ್ದು.

ತನುಜ ಬಾಗಿಲಲ್ಲೇ ನಿಂತು ಕೇಳಿದಳು, "ಸೌಜನ್ಯ, ಶಿಡ್ಲಘಟ್ಟದಲ್ಲಿ ನಾನು ತಟ್ಟೆ ಕೊಟ್ಟಾಗ ಯಾಕೆ ಕೈ ಇಡಲಿಲ್ಲ?"

"ಕಾಗದ ಹಾಸಿತ್ತು."

"ಹಾಸಿದ್ರೆ?"

"ಹುಳದ ತಟ್ಟೆ ಅಂದ್ಕೊಂಡೆ. ನೀವು ಕೈ ತೊಳ್ಕೋ ಅನ್ನಲೇ ಇಲ್ಲ."

ಪವಿತ್ರ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ರೂಪಳಿಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಒಂದು ಬೆಳೆಯ ಹುಳುವೆಲ್ಲ ಹಾಲುರೋಗಕ್ಕೆ ಸತ್ತುಹೋದಾಗ, ಮಗು ಮುಲಾಮು ಹಚ್ಚಿದ ಕೈಯಲ್ಲಿ ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಮನೆಯವರೆಲ್ಲ ಅಂದುಕೊಂಡಿದ್ದರು. ಅಂದಿನಿಂದ, ಕೈ ತೊಳೆಯದೆ ಹುಳುವಿನದೇನನ್ನೂ ಮುಟ್ಟಬಾರದೆಂಬ ಈ ಕಟ್ಟಳೆ. ಹೋದ ತಿಂಗಳು ಬಸ್ ಇಳಿಯುವಾಗಲೂ ತಾನೇ ಹೇಳಿದ್ದಳು: ಅಲ್ಲಿ ಹೇಳದೆ ಏನೂ ಮುಟ್ಟಬೇಡ ಕಣಮ್ಮ.

"ಹಂಗಾದ್ರೆ ಆ ತಟ್ಟೇದು ಲೆಕ್ಕಕ್ಕಿಲ್ಲ," ಎಂದಳು ತನುಜ. "ಶುರು ಮಾಡಕ್ಕೆ ಬರದೆ ಕೂತಿದ್ದಲ್ಲ, ಬೇಕಂತಲೇ ತಡ್ಕೊಂಡು ಕೂತಿದ್ದು."

"ಪಾಸ್ ಆದ್ಲಾ ಮೇಡಂ?" ರೂಪ ಹುಳು ಹಿಡಿದ ಕೈಯಲ್ಲೇ ಮುಂದೆ ಬಂದಳು.

"ಇದರಲ್ಲಿ ಪಾಸು ಫೇಲು ಇಲ್ಲ ರೂಪಾ. ತಡ್ಕೊಳ್ಳೋದು ಗೊತ್ತಾಯ್ತು. ಯಾರೂ ಹೇಳದೆ ಇದ್ರೆ ಏನು ಮಾಡ್ತಾಳೆ ಅನ್ನೋದನ್ನ ನಾನಿನ್ನೂ ನೋಡೇ ಇಲ್ಲ."

ಜಗುಲಿಯ ಮೇಲೆ ತಟ್ಟೆ ಮತ್ತೆ ಬಂತು. ಈ ಸಲ ಕಾಗದವಿಲ್ಲ, ಕೈ ತೊಳೆದಾಗಿತ್ತು. ಸೌಜನ್ಯ ಗುಂಡನ್ನೆಲ್ಲ ಒಂದು ಕಡೆ, ಚೌಕವನ್ನೆಲ್ಲ ಒಂದು ಕಡೆ ಬೇಗ ಬೇಗ ಸೇರಿಸಿದಳು. ತನುಜ ಎಲ್ಲವನ್ನೂ ಮತ್ತೆ ಬೆರೆಸಿ, "ಈಗ ಬೇರೆ ತರ ಸೇರಿಸು," ಎಂದಳು. ಹುಡುಗಿ ಒಂದು ಗುಂಡು ಎತ್ತಿ, ಇನ್ನೊಂದು ಗುಂಡಿಗೆ ತಡಕಿದಳು. ಮತ್ತೆ ಗುಂಡು, ಮತ್ತೆ ಚೌಕ.

"ಒರಟು ನುಣುಪು ನೋಡು ಸೌಜಮ್ಮ," ಎಂದಿತು ಹುಳುಮನೆಯ ಕಿಟಕಿಯಿಂದ ರೂಪಳ ದನಿ.

ತನುಜ ಪೆನ್ನು ಕೆಳಗಿಟ್ಟಳು. "ಹೇಳ್ಬಿಟ್ರಿ."

"ಒಂದೇ ಒಂದು ಮಾತು ಮೇಡಂ."

"ಆ ಒಂದು ಮಾತೇ ಪರೀಕ್ಷೆ. ಬೆಳಿಗ್ಗೆ ಎದ್ದು ಇವಳು ಹಾಕ್ಕೊಳ್ಳೋ ಬಟ್ಟೆ ಯಾರು ತೆಗೆದಿಡ್ತಾರೆ?"

"ನಾನು."

"ಬ್ಯಾಗು?"

"ನಾನೇ."

"ಶಾಲೆಗೆ ಹೊರಡೋ ಹೊತ್ತಾಯ್ತು ಅಂತ?"

ಹುಳುಮನೆಯ ಒಳಗಿನಿಂದ ಚಿಕ್ಕವೆಂಕಟಮ್ಮ, "ಊಟ ಅಗಿಯೋದೊಂದು ಮಗು ಮಾಡ್ತದೆ," ಎಂದಳು.

ತನುಜ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಹುಳ ಆಯೋರಿಗೆ ಟೀ ಆಯ್ತಾ?" ಎಂದು ಕೇಳಿದಳು. ಟೀ ಫ್ಲಾಸ್ಕಿನಲ್ಲಿತ್ತು, ಕೊಡಲು ಯಾರಿಗೂ ಕೈ ಬಿಡುವಿರಲಿಲ್ಲ. ಅದೇ ಸರಿ ಎಂದಳು ತನುಜ. ಫ್ಲಾಸ್ಕಿನ ಟೀ ತಾನೇ ಒಂದಿಷ್ಟು ಬಗ್ಗಿಸಿ ನೋಡಿದಳು. ಉಗುರುಬೆಚ್ಚಗಿತ್ತು, ಚೆಲ್ಲಿದರೂ ಸುಡುವಂತಿರಲಿಲ್ಲ. ಸೌಜನ್ಯಳನ್ನು ಕೂರಿಸಿಕೊಂಡು ಹೇಳಿದಳು: ಹುಳುಮನೆಯಲ್ಲಿ ನಾಲ್ಕು ಜನ ಇದ್ದಾರೆ. ನಾಲ್ವರಿಗೂ ಟೀ ಕೊಡಬೇಕು. ಅಜ್ಜಿಗೆ ಸಕ್ಕರೆ ಆಗದು, ಮಿಕ್ಕವರಿಗೆ ಬೇಕು. ಹೇಗೆ ಒಯ್ಯುತ್ತೀಯೋ ನಿನ್ನ ಇಷ್ಟ.

ಆಮೇಲೆ ಹುಳುಮನೆಗೆ ಬಂದು ರೂಪಳಿಗೆ ಬೇರೆ ಹೇಳಿದಳು. "ಟೀ ಇಲ್ಲಿಗೆ ಬರೋವರೆಗೂ ನಿಮ್ಮಿಂದ ಮಾತು ಬರಬಾರದು. ಹುಷಾರು ಅನ್ನೋದೂ ಬೇಡ. ಬೀಳೋ ಹಂಗಾದ್ರೆ ಹಿಡಿಯಕ್ಕೆ ನಾನು ಹಿಂದೆ ಇರ್ತೀನಿ. ಇದೂ ಕೆಟ್ರೆ ನಾನು ಬರೆಯೋಕೆ ಏನೂ ಉಳಿಯಲ್ಲ."

ರೂಪ ತಲೆಯಾಡಿಸಿದಳು. ಕಿಟಕಿಯಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಮೊದಲು ಲೋಟಗಳ ಸದ್ದು ಕೇಳಿಸಿತು. ಒಂದು ಬಿತ್ತು. ರೂಪಳ ಬೆರಳು ಹಿಡಿದ ಹುಳುವಿನ ಮೇಲೆ ಬಿಗಿಯಾಯಿತು.

"ಹುಳ ಹಿಂಡ್ಬೇಡ ರೂಪಕ್ಕ," ಎಂದಳು ಪವಿತ್ರ ಮೆಲ್ಲಗೆ.

ಸೌಜನ್ಯ ಬಾಗಿಲಿಗೆ ಬಂದಳು. ಲೋಟಗಳಿಗೆ ಬಗ್ಗಿಸಿ ತಟ್ಟೆಯಲ್ಲಿ ತಂದಿರಲಿಲ್ಲ. ಹಿಡಿಕೆಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಫ್ಲಾಸ್ಕು, ಖಾಲಿ ಲೋಟ, ಸಕ್ಕರೆ ಡಬ್ಬಿ ಇಟ್ಟುಕೊಂಡು ಬಲಗೈಯಲ್ಲಿ ಹಿಡಿದಿದ್ದಳು. ಎಡಗೈ ಗೋಡೆಗೆ ಬಿಡುವಾಗಿತ್ತು. ಯಾರು ಹೇಳಿಕೊಟ್ಟರು ಇದನ್ನು ಎಂದು ರೂಪ ಗಂಡನ ಮುಖ ನೋಡಿದಳು. ಅವನಿಗೂ ಗೊತ್ತಿರಲಿಲ್ಲ.

ಆಗ ತನುಜ, "ಸೌಜನ್ಯ, ಅಜ್ಜಿಗೆ ಟೀ ಬೇಡವಂತೆ, ಮಜ್ಜಿಗೆ ಬೇಕಂತೆ," ಎಂದಳು.

ಹುಡುಗಿ ನಿಂತಳು. ಮುಖದಲ್ಲಿ ಬೇಸರ ಕಂಡಿತು. ಒಳಗೆ ಹೋದಳು. ಬುಟ್ಟಿಯಲ್ಲಿದ್ದುದನ್ನೆಲ್ಲ ಹೊರಗೆ ತೆಗೆದಿಡುವ, ಮತ್ತೆ ತುಂಬುವ ಸದ್ದು ಕೇಳಿಸಿತು. ತಿರುಗಿ ಬಂದಾಗ ಮುಚ್ಚಳದ ಡಬ್ಬಿಯೊಂದರಲ್ಲಿ ಮಜ್ಜಿಗೆ ಇತ್ತು.

ಗೋಡೆ ಹಿಡಿದು ಹೊರಟಳು. ರೂಪಳಿಗೆ ಆಗಲೇ ಹೊಳೆದದ್ದು. ಸೌಜನ್ಯ ಬೆಳಿಗ್ಗೆ ಅಜ್ಜಿಯನ್ನು ಕರೆಯಲು ಬಂದಾಗ ಆ ಗೋಡೆ ಖಾಲಿ ಇತ್ತು. ಈಗ ಅದರ ಅರ್ಧಕ್ಕೆ, ನೆರಳಿದ್ದ ಕಡೆ, ಮೋಹನ್‌ಬಾಬು ಹುಳು ಬಿಟ್ಟ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿ ನಿಲ್ಲಿಸಿದ್ದ. ಮಗಳ ಕೈ ಹಿಡಿದು ಬರುತ್ತಿದ್ದ ಗೋಡೆ ಅಲ್ಲಿಗೆ ನಿಲ್ಲುತ್ತಿತ್ತು. ಅವಳು ಹೋಗಿ ಡಿಕ್ಕಿ ಹೊಡೆದರೆ ಸಾಲು ಸಾಲೇ ಉರುಳುತ್ತದೆ. ಹುಳುವೂ ಹೋಯಿತು, ಪರೀಕ್ಷೆಯೂ ಹೋಯಿತು.

ರೂಪ ಗಂಡನಿಗೆ ಕಣ್ಣಲ್ಲೇ ತೋರಿಸಿದಳು. ಅವನು ಒಂದು ಹೆಜ್ಜೆ ಇಟ್ಟು ನಿಂತ. ಹೋಗಿ ಎತ್ತುವಷ್ಟು ಹೊತ್ತಿರಲಿಲ್ಲ, ನೂಲು ಹಿಡಿಯುತ್ತಿರುವ ಹುಳುವನ್ನು ಅಲುಗಿಸುವಂತೆಯೂ ಇರಲಿಲ್ಲ. ಅವಳ ಬಾಯಿ ತೆರೆಯಿತು. ಪವಿತ್ರ ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರೂಪ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿದಳು.

ಸೌಜನ್ಯಳ ಎಡಗೈ ಬಿದಿರಿಗೆ ತಗುಲಿತು. ಕೆಂಡ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ಬಂತು. ನಿಂತಳು. ಬುಟ್ಟಿಯನ್ನು ನಿಧಾನವಾಗಿ ನೆಲಕ್ಕಿಟ್ಟಳು. ತಲೆ ವಾಲಿಸಿ ಕೇಳಿಸಿಕೊಂಡಳು. ಮುಟ್ಟದೆ ದಾರಿ ಗೊತ್ತಾಗುವುದಿಲ್ಲ, ಮುಟ್ಟುವಂತಿಲ್ಲ. ಎರಡೂ ಕೈ ಬೆನ್ನ ಹಿಂದೆ ಹೋದವು.

ಹಾಗೇ ನಿಂತಳು. ಹುಳುಮನೆಯಲ್ಲಿ ಯಾರ ಕೈಯೂ ಆಡಲಿಲ್ಲ. ಸ್ಟ್ಯಾಂಡಿನ ಅಂಚಿನಲ್ಲಿ ಹುಳುಗಳು ತಲೆಯೆತ್ತಿ ಆಡುತ್ತಲೇ ಇದ್ದವು. ಬಲಕ್ಕೆ ಬಾ ತಾಯಿ, ಬಲಕ್ಕೆ ನಾಲ್ಕು ಹೆಜ್ಜೆ, ಕೊಟ್ಟಿಗೆ ಕಂಬ ಸಿಗುತ್ತೆ ಎಂಬ ಮಾತನ್ನು ರೂಪ ಸೆರಗಿನ ಜೊತೆಗೇ ಹಲ್ಲಲ್ಲಿ ಕಚ್ಚಿ ಹಿಡಿದಳು. ತನುಜ ಎರಡು ಹೆಜ್ಜೆ ಹಿಂದೆ ಅಲುಗಾಡದೆ ನಿಂತಿದ್ದಳು.

ಸೌಜನ್ಯ ತಿರುಗಿ, ಬುಟ್ಟಿಯನ್ನು ಅಲ್ಲೇ ಬಿಟ್ಟು, ಬಂದ ದಾರಿಯಲ್ಲೇ ಹೊರಟುಹೋದಳು.

ರೂಪ ಕಣ್ಣು ಮುಚ್ಚಿಕೊಂಡಳು. ಬಿಟ್ಟುಬಿಟ್ಟಳು, ಮುಗಿಯಿತು ಎಂದುಕೊಂಡಳು. ಅಷ್ಟರಲ್ಲಿ ಬಚ್ಚಲ ತೊಟ್ಟಿಯಲ್ಲಿ ನೀರಿನ ಸದ್ದಾಯಿತು. ಹುಡುಗಿ ತೊಯ್ದ ಕೈಗಳನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡು ಬರುತ್ತಿದ್ದಳು. ಕೈ ತೊಳೆದವರು ಮುಟ್ಟಬಹುದು. ಚಂದ್ರಿಕೆಯ ಹತ್ತಿರ ಬಂದು, ಕುಕ್ಕರಗಾಲಲ್ಲಿ ಕೂತು, ಒಂದೇ ಬೆರಳಿನಿಂದ ಅದರ ಕೆಳಗಿನ ಬಿದಿರನ್ನು ಹುಡುಕಿದಳು. ಬೆರಳನ್ನು ಅದರ ಗುಂಟ ಸರಿಸುತ್ತ, ಒಂದು ದಾಟಿ ಇನ್ನೊಂದಕ್ಕೆ, ಸಾಲಿನ ಕೊನೆಯವರೆಗೂ ಬಗ್ಗಿಯೇ ಹೋದಳು. ಕೊಟ್ಟಿಗೆಯ ಕಂಬ ಸಿಕ್ಕಿತು. ಅದನ್ನು ತಟ್ಟಿ ನೋಡಿ, ಹಾಗೇ ವಾಪಸ್ ಬಂದು ಬುಟ್ಟಿ ಎತ್ತಿಕೊಂಡು, ಕಂಬದವರೆಗೆ ಮತ್ತೆ ನಡೆದಳು.

ಕಂಬದಾಚೆ ಬರೀ ಬಯಲು, ಗೋಡೆಯೂ ದೂರವಾಗಿತ್ತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು, "ಅಜ್ಜೀ, ಮಜ್ಜಿಗೆ ಯಾರಿಗೆ?" ಎಂದು ಕೂಗಿದಳು.

"ನಂಗೇ ಕಣೇ ತಲ್ಲಿ. ಮರೆತ್ಯಾ?"

ಸೌಜನ್ಯ ದನಿ ಬಂದ ಕಡೆ ನೆಟ್ಟಗೆ ತಿರುಗಿ ನಡೆದು ಬಂದು ಹೊಸ್ತಿಲಿಗೆ ಬುಟ್ಟಿ ತಾಗಿಸಿ ನಿಂತಳು.

ಟೀ ತಣ್ಣಗಾಗಿತ್ತು. ಬಗ್ಗಿಸಿ ಕೊಟ್ಟಳು. ಮೋಹನ್‌ಬಾಬು ಒಂದು ಗುಟುಕು ಕುಡಿದು ಮುಖ ಕಿವುಚಿ, ಹೆಂಡತಿಯನ್ನು ನೋಡಿ, ಏನೂ ಅನ್ನದೆ ಇನ್ನೊಂದು ಗುಟುಕು ಕುಡಿದ. ಮಜ್ಜಿಗೆಗೆ ಜಾಗ ಮಾಡುವಾಗ ಹೊರಗಿಟ್ಟ ಸಕ್ಕರೆ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೇ ಉಳಿದಿತ್ತು.

"ಇವತ್ತು ಮನೆಗೆಲ್ಲ ಶುಗರ್ರು," ಎಂದಳು ಚಿಕ್ಕವೆಂಕಟಮ್ಮ ಮಜ್ಜಿಗೆ ಎತ್ತಿ ಕುಡಿಯುತ್ತ.

ತನುಜ ಕೇಳಿದಳು, "ಮಜ್ಜಿಗೆ ಯಾರಿಗೆ ಅಂತ ಮರೆತುಹೋಗಿತ್ತಾ ಸೌಜನ್ಯ?"

"ಗೊತ್ತಿತ್ತು. ಅಜ್ಜಿ ಎಲ್ಲಿದೆ ಅಂತ ಗೊತ್ತಿರಲಿಲ್ಲ."

ಹೊರಡುವಾಗ ರೂಪ ಸ್ಕೂಟರಿನವರೆಗೂ ಬಂದಳು. ಹುಳು ಇನ್ನೂ ಅರ್ಧ ಉಳಿದಿದ್ದವು. ಆದರೂ ಬಂದಳು.

"ಸಕ್ಕರೆ ಮರೆತಿದ್ದೂ ಬರೀತೀನಿ," ಎಂದಳು ತನುಜ. "ನಡುವೆ ಮಾತು ಬದಲಾದ್ರೆ ಹಿಂದಿನದು ಕೈ ಬಿಡ್ತದೆ. ತಟ್ಟೇಲೂ ಅದೇ ಆಯ್ತು, ಬೇರೆ ತರ ಅಂದಾಗ ಹಳೇ ತರಾನೇ ಹಿಡ್ಕೊಂಡ್ಲು."

"ಅದನ್ನ ಬಿಡಬಹುದಲ್ವಾ ಮೇಡಂ?"

"ಬಿಟ್ರೆ ಅವಳಿಗೇ ನಷ್ಟ. ಎಲ್ಲಿ ಕೈ ಹಿಡೀಬೇಕು, ಎಲ್ಲಿ ಬಿಡಬೇಕು ಅಂತ ಅಲ್ಲಿನ ಟೀಚರ್‌ಗೆ ಗೊತ್ತಾಗ್ಬೇಕಲ್ಲ. ದಾರಿ ಕಟ್ಟಾದಾಗ ತಾನೇ ಇನ್ನೊಂದು ಹುಡುಕಿದ್ಲು ಅಂತಾನೂ ಬರೀತೀನಿ. ಮುಂದಿನ ಗುರುವಾರ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಬನ್ನಿ. ಒಂದು ದಿನ ಕ್ಲಾಸಲ್ಲಿ ಕೂರಿಸಿ ನೋಡಿ ಅವರು ಹೇಳ್ತಾರೆ. ಜೊತೇಲಿ ಬಂದೋರು ಗೇಟಿಂದಾಚೆಗೇ ಇರಬೇಕು."

ಗುರುವಾರ ಎಂದದ್ದು ಹುಳುಮನೆಯ ಬಾಗಿಲಲ್ಲಿದ್ದ ಪವಿತ್ರಳ ಕಿವಿಗೂ ಬಿತ್ತು. ರೂಪ ಹಿಂದಿರುಗಿದಾಗ ತಲೆಯೆತ್ತದೆ ಹೇಳಿದಳು, "ಈ ಸೆಕೆ ಹಿಂಗೇ ಇದ್ರೆ ಗುರುವಾರ ನಮ್ಮ ಹುಳಾನೂ ಹಣ್ಣಾಗ್ತವೆ ರೂಪಕ್ಕ. ನೋಡು, ನಿನ್ನಿಷ್ಟ."

ನಿನ್ನಿಷ್ಟ ಎಂದದ್ದು ಬಾ ಎಂದು ಹಟ ಹಿಡಿದದ್ದಕ್ಕಿಂತ ಭಾರವಾಗಿತ್ತು. ರೂಪ ಮನಸ್ಸಿನಲ್ಲಿ ಆಗಲೇ ಆ ಶಾಲೆಯ ಕಾಂಪೌಂಡಿನ ಪಕ್ಕ ಒಂದು ನೆರಳು ಹುಡುಕಿಕೊಂಡು ಕೂತಾಗಿತ್ತು.

"ನಾನು ಬಿಟ್ಟು ಬರ್ತೀನಿ ಬಿಡು," ಎಂದ ಮೋಹನ್‌ಬಾಬು. "ಗೇಟ್ ಹತ್ರ ಬಿಡಕ್ಕೆ ನೀನೇ ಏನಾಗ್ಬೇಕು?"

"ನೀವು ಊಟದ ಡಬ್ಬಿ ಮರೀತೀರ. ಬಾತ್‌ರೂಮ್ ಎಲ್ಲಿ ಅಂತ ಕೇಳಲ್ಲ."

"ಅಪ್ಪನೇ ಬರ್ಲಿ," ಎಂದಳು ಸೌಜನ್ಯ. "ನೀನು ಬಂದ್ರೆ ಕಿಟಕಿಯಿಂದ ಹೇಳ್ಕೊಡ್ತೀಯ."

ಗುರುವಾರ ಬೆಳಿಗ್ಗೆ ರೂಪ ಬಟ್ಟೆ ತೆಗೆದಿಡಲಿಲ್ಲ. ಬೀರು ತೆಗೆಯುವ, ಹಾಕುವ ಸದ್ದು ಕೇಳುತ್ತ ಒಲೆಯ ಮುಂದೆ ಅದೇ ಪಾತ್ರೆಯನ್ನು ಮತ್ತೆ ಮತ್ತೆ ತೊಳೆದಳು. ಮಗಳು ಹೊರಗೆ ಬಂದಾಗ ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಕೂತಿತ್ತು. ರೂಪ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಬೈಕ್ ಹತ್ತಿ ಕೂತ ಸೌಜನ್ಯ ಕತ್ತಿನ ಹತ್ತಿರ ಉಳಿದ ಕಾಜವನ್ನು ತಾನೇ ಕಂಡುಕೊಂಡು, ಎಲ್ಲ ಬಿಚ್ಚಿ, ಕೆಳಗಿನಿಂದ ಮತ್ತೆ ಹಾಕಿಕೊಂಡಳು. ಅಲ್ಲಿಯವರೆಗೂ ಮೋಹನ್‌ಬಾಬು ಗಾಡಿ ಶುರು ಮಾಡಲಿಲ್ಲ.

ಪವಿತ್ರಳ ಹುಳು ಅವಳು ಹೇಳಿದ ಹಾಗೇ ಹಣ್ಣಾಗಿದ್ದವು. ರೂಪ ಮಾತಿಲ್ಲದೆ ಆಯ್ದಳು. ಆಯುವ ಕೈಗಿಂತ ಮನಸ್ಸು ಮುಂದೆ ಓಡುತ್ತಿತ್ತು: ಈಗ ಮೊದಲ ಬೆಲ್ಲು, ಈಗ ಊಟಕ್ಕೆ ಬಿಟ್ಟಿರಬೇಕು, ಮೆಟ್ಟಿಲು ಇದೆಯೋ ಏನೋ. ಒಂದು ಸಲ ಅವಳಿಗೇ ತಿಳಿಯದೆ "ಎಡಕ್ಕೆ" ಎಂದುಬಿಟ್ಟಳು.

"ಯಾರ್ಗೆ ಹೇಳ್ತಿದೀಯ? ಹುಳಕ್ಕಾ?" ಎಂದಳು ಪವಿತ್ರ.

ಮಧ್ಯಾಹ್ನ ಗಂಡನಿಗೆ ಫೋನ್ ಮಾಡಿದಳು. "ಏನು ಮಾಡ್ತಿದಾಳೆ?"

"ನಂಗೇನು ಗೊತ್ತು. ಗೇಟ್ ಹಾಕವ್ರೆ. ನಾನು ಟೀ ಅಂಗಡೀಲಿ ಕೂತಿದೀನಿ."

"ಒಳಗೆ ಒಂದ್ಸಲ ಇಣುಕಿ ನೋಡಿ."

"ಫೋನ್ ಇಡು," ಎಂದ ಅವನು.

ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಫೋನು ಬಂತು. ಶಾಲೆಯವರು ಜೂನ್‌ಗೆ ಕರೆತರಲು ಹೇಳಿದ್ದರು. ಮೊದಲ ತಿಂಗಳು ನೋಡುತ್ತಾರೆ, ಆಗದಿದ್ದರೆ ಹೇಳುತ್ತಾರೆ. "ಅಷ್ಟೇನಾ?" ಎಂದಳು ರೂಪ. ಅಷ್ಟೇ ಎಂದು ಅವನು ಫೋನನ್ನು ಮಗಳಿಗೆ ಕೊಟ್ಟ.

"ಅಮ್ಮ, ಊಟದ ಡಬ್ಬಿ ಎಲ್ಲಿಟ್ಟೆ ಅಂತ ಮರೆತೋಯ್ತು. ಆಮೇಲೆ ಸಿಕ್ತು."

"ಯಾರು ಹುಡುಕ್ಕೊಟ್ರು?"

"ಪಕ್ಕದೋಳ್ನ ಕೇಳಿದೆ. ಕೇಳಿದ್ರೆ ತಪ್ಪಾ?"

"ತಪ್ಪಲ್ಲ ಕಣಮ್ಮ," ಎಂದಳು ರೂಪ. ಇನ್ನೂ ಏನೇನೋ ಬಾಯಿಗೆ ಬಂತು. ನೀರು ಕುಡಿದೆಯಾ, ಗಾಡೀಲಿ ಗಟ್ಟಿಯಾಗಿ ಹಿಡ್ಕೋ, ನಿದ್ದೆ ಮಾಡಬೇಡ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಸಿನ್ನಿನಲ್ಲಿ ಮತ್ತೆ ಕೈ ಅದ್ದಿದಳು.

"ಸಾಕು ಬಿಡು ರೂಪಕ್ಕ," ಎಂದಳು ಪವಿತ್ರ. "ಉಳಿದಿರೋದು ನಾನು ನೋಡ್ಕೊತೀನಿ. ನಿನ್ನ ಮುಯ್ಯಿ ತೀರ್ತು. ಮನೆಗೆ ಹೋಗು, ಮಗು ಬರ್ತದೆ."

"ಅವರು ಬರೋದು ಇನ್ನೂ ಹೊತ್ತಿದೆ. ಮನೇಲಿ ಕೂತು ಏನು ಮಾಡ್ಲಿ. ಇದೊಂದು ತಟ್ಟೆ ಮುಗಿಸ್ತೀನಿ."

"ಹಂಗಾದ್ರೆ ಇನ್ಮೇಲೆ ನಾನೇ ನಿಂಗೆ ಬಾಕಿ."

"ಇರ್ಲಿ ಬಾಕಿ," ಎಂದು ರೂಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.